ನಖಮುದ್ರಾಧಿಕಾರಿಣಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಕಚೇರಿಗಳಲ್ಲಿ, ವರ್ಗಾವಣೆಯ ಗಾಳಿ ಬೀಸಿದತ್ತ ತೂರಿಹೋಗುತ್ತ, ಪಹಣಿಗೂ ಪ್ರಮಾಣಪತ್ರಕ್ಕೂ ಮೊಹರು ಒತ್ತಿ ಒತ್ತಿಯೇ ತಲೆ ನರೆಯಿಸಿಕೊಂಡ ನನಗೆ, ಮುದ್ರೆಯ ವಿಷಯದಲ್ಲಿ ಇನ್ನೊಬ್ಬರಿಂದ ಕಲಿಯತಕ್ಕದ್ದು ಏನಾದರೂ ಉಳಿದಿದೆಯೆಂಬ ಸಂಶಯವು ನಿವೃತ್ತಿಯ ದಿನದವರೆಗೂ ಬಂದಿರಲಿಲ್ಲ. ಮಸಿಯ ಮೆತ್ತೆಯ ಮೇಲೆ ಒಮ್ಮೆ ಕುಟ್ಟುವುದು, ಕಾಗದದ ಮೇಲೆ ಒಮ್ಮೆ ಕುಟ್ಟುವುದು. ಮುದ್ರಾಶಾಸ್ತ್ರವೆಂದರೆ ಇಷ್ಟೇ ಎಂದು ತಿಳಿದಿದ್ದೆ. ಆ ತಿಳಿವಳಿಕೆಯನ್ನು ಹುಡಿಮಾಡಿದವಳು ಹುಣಸೂರಿನ ನಮ್ಮ ಬೀದಿಯ ಅಚ್ಚಕ್ಕ.

ಅಚ್ಚಕ್ಕ ಎಂಬುದು ತಂದೆತಾಯಿಗಳಿಟ್ಟ ಹೆಸರಲ್ಲ. ಉಗುರುಗಳ ಮೇಲೆ ಚಿತ್ರದ ಅಚ್ಚೊತ್ತುವವಳೆಂದು ಬೀದಿಯವರು ದಯಪಾಲಿಸಿದ ಪದವಿ. ನಾಲ್ಕು ತಾಲ್ಲೂಕುಗಳಲ್ಲಿ ಯಾವ ಬೀದಿಯನ್ನು ಹೊಕ್ಕರೂ ಈ ಪದವಿಗೆ ಅರ್ಹಳಾದವಳೊಬ್ಬಳು ಸಿಕ್ಕೇ ಸಿಗುವಳು. ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿರುವೆನೆಂದು ಮನೆಯವರನ್ನು ನಂಬಿಸಿ ಕೊಠಡಿಯ ಬಾಗಿಲು ಹಾಕಿಕೊಂಡವಳು ಅಚ್ಚಕ್ಕನಾಗಿರಬಹುದು, ಮಕ್ಕಳಿಬ್ಬರನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದು, ಕುಕ್ಕರು ಮೂರು ಸಲ ಕೂಗುವುದರೊಳಗಾಗಿ ಎಡಗೈಯ ಐದು ಬೆರಳನ್ನೂ ಮುಗಿಸಿಬಿಡುವ ಗೃಹಿಣಿಯಾಗಿರಬಹುದು, ಎಚ್.ಡಿ. ಕೋಟೆಯಲ್ಲಿ ನಾನು ಕಂಡವಳಂತೂ ಹೊಲಿಗೆಯ ಮಿಷನ್ನಿನ ಹಲಗೆಯ ಮೇಲೆಯೇ ಈ ವಿದ್ಯೆಗೂ ಎಡೆಮಾಡಿಕೊಂಡು, ರವಿಕೆಯ ಅಳತೆ ಕೊಡಲು ಬಂದವರ ಕೈಯನ್ನೂ ಹಿಡಿದು ಕೂರಿಸುತ್ತಿದ್ದಳು. ಗುರುತು ಹಿಡಿಯುವುದಕ್ಕೆ ಒಂದೇ ಲಕ್ಷಣ ಸಾಕು. ಲೋಕದ ಜನ ಎದುರಿಗೆ ಬಂದವರ ಮುಖವನ್ನು ನೋಡಿದರೆ ಅಚ್ಚಕ್ಕ ಬೆರಳ ತುದಿಯನ್ನು ನೋಡುತ್ತಾಳೆ. ನೀವು ನಮಸ್ಕಾರವೆಂದು ಕೈಜೋಡಿಸಿದರೆ ಆಕೆ ಅಳೆಯುವುದು ನಿಮ್ಮ ವಿನಯವನ್ನಲ್ಲ, ಉಗುರಿನ ಅಗಲವನ್ನು. ಪಿಂಚಣಿಯ ಕಾಗದಕ್ಕೆ ಹೆಬ್ಬೆಟ್ಟಿನ ಗುರುತು ಕೊಟ್ಟು ಮಸಿ ಒರೆಸಿಕೊಳ್ಳುತ್ತ ಬರುತ್ತಿದ್ದ ನನ್ನನ್ನು ಗೇಟಿನ ಬಳಿ ತಡೆದು, “ದೊಡ್ಡಪ್ಪ, ನಿಮ್ದು ಎಂಥಾ ಹೆಬ್ಬೆರಳ ಉಗುರು! ಡಿಸೈನು ಪೂರ್ತಿ ಕೂರ್ತದೆ!” ಎಂದಳು. ಅರುವತ್ತು ವರ್ಷಗಳಲ್ಲಿ ನನ್ನ ದೇಹದ ಯಾವ ಭಾಗಕ್ಕೂ ಲಭಿಸದಿದ್ದ ಪ್ರಶಂಸೆಯದು. ಅಂದಿನಿಂದ ನಾನು ಆಕೆಯ ಪಕ್ಷದವನಾದೆ.

ಆಕೆಯ ಸರ್ವಸ್ವವೂ ಒಂದು ಬಿಸ್ಕತ್ತಿನ ಡಬ್ಬಿಯೊಳಗಿದೆ. ಪ್ಲೇಟು ಪ್ಲೇಟು ಎಂದು ಆಕೆ ಸಂಭ್ರಮಿಸುವುದನ್ನು ಕೇಳಿ, ಇಡ್ಲಿಯನ್ನಾದರೂ ತಂದಾಳೆಂದು ಕಾದು ಕುಳಿತಿದ್ದ ನನ್ನ ಮುಂದೆ ಬಂದುದು ಅಂಗೈಯಗಲದ, ಹಾಳೆಯಂತೆ ತೆಳುವಾದ, ಕನ್ನಡಿಯಂತೆ ಹೊಳೆಯುವ ಉಕ್ಕಿನ ತಗಡು. ಅದರ ಮೈಮೇಲೆ ಹೂವು, ಬಳ್ಳಿ, ನವಿಲುಗರಿ, ಜಾಲಂದ್ರಗಳು ಕೂದಲೆಳೆಗಿಂತ ಸೂಕ್ಷ್ಮವಾದ ಗೀರುಗಳಲ್ಲಿ ಕೊರೆಯಲ್ಪಟ್ಟಿದ್ದವು. ಕೊರಿಯಾ ದೇಶದ ಕೊನಾಡ್ ಎಂಬ ಕಂಪನಿಯಿಂದ ಲೋಕಪ್ರಸಿದ್ಧವಾದ ಈ ಸ್ಟಾಂಪಿಂಗ್ ವಿದ್ಯೆಯ ತತ್ತ್ವವು ಹೊಸದೇನೂ ಅಲ್ಲ. ಕೈಗಡಿಯಾರದ ಮುಖದ ಮೇಲೆ ಅಂಕಿಗಳನ್ನು ಒತ್ತುವವರು ಇದನ್ನು ಬಹುಕಾಲದಿಂದ ಬಲ್ಲರು. ಕೊರೆದ ಗೀರಿನೊಳಕ್ಕೆ ಬಣ್ಣ ತುಂಬಿ, ಮೇಲೆ ಉಳಿದುದನ್ನು ಹೆರೆದು ತೆಗೆದು, ಗೀರಿನಲ್ಲಿ ನಿಂತ ಬಣ್ಣವನ್ನು ಮೆತ್ತಗಿನ ಸಿಲಿಕೋನ್ ಗುಂಡಿಯೊಂದರಿಂದ ಎತ್ತಿ, ಆ ಗುಂಡಿಯನ್ನು ಉಗುರಿನ ಮೇಲೆ ಉರುಳಿಸುವುದು. ನಮ್ಮ ಕಚೇರಿಯ ಠಸ್ಸೆಯಲ್ಲಿ ಅಕ್ಷರಗಳು ಉಬ್ಬಿರುತ್ತವೆ, ತಿರುಗುಮುರುಗಾಗಿಯೂ ಇರುತ್ತವೆ. ಇಲ್ಲಿಯೋ ಅವು ತಗ್ಗಿರುತ್ತವೆ, ನೆಟ್ಟಗೆಯೇ ಇರುತ್ತವೆ. ಅದು ಹೇಗೆಂದು ಒಂದು ಮಧ್ಯಾಹ್ನವೆಲ್ಲ ಚಿಂತಿಸಿದ ಮೇಲೆ ಹೊಳೆಯಿತು: ತಗಡಿನಿಂದ ಗುಂಡಿಗೆ ಬರುವಾಗ ಚಿತ್ರ ಒಮ್ಮೆ ತಿರುಗುತ್ತದೆ, ಗುಂಡಿಯಿಂದ ಉಗುರಿಗೆ ಇಳಿಯುವಾಗ ಇನ್ನೊಮ್ಮೆ ತಿರುಗಿ ನೇರವಾಗುತ್ತದೆ. ಎರಡೇ ಸಲ ತಿರುಗಿ ನೇರವಾದ ಅರ್ಜಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡವನಲ್ಲ.

ಮೊದಲ ದಿನದ ವಿಧಿಯನ್ನು ಹೇಳದೆ ಬಿಡಲಾಗದು. ಹೊಸ ಪ್ಲೇಟು ಬಂದ ಸಂಜೆ, ಆಕೆಯ ಚಿಕ್ಕಮ್ಮನ ಮಗಳು ಕೈಚಾಚಿ ಕುಳಿತಿದ್ದಳು. ಅಚ್ಚಕ್ಕನ ಅಜ್ಜಿ ತೂಗುಮಂಚದಲ್ಲಿ, ನಾನು ಜಗಲಿಯ ಅಂಚಿನಲ್ಲಿ. ಅಚ್ಚಕ್ಕ ಬಣ್ಣ ಬಳಿದಳು, ಹೆರೆದಳು, ಗುಂಡಿ ಒತ್ತಿದಳು. ಗುಂಡಿಯ ಮೇಲೆ ಏನೂ ಮೂಡಿರಲಿಲ್ಲ. ಪುನಃ ಬಳಿದಳು, ಪುನಃ ಹೆರೆದಳು. ಅರ್ಧ ಗಂಟೆಯ ಕಾಲ ಈ ನಿಷ್ಫಲ ತಪಸ್ಸು ನಡೆದು, ಬಣ್ಣದ ಮೇಲೂ, ಗುಂಡಿಯ ಮೇಲೂ, ತಂಗಿ ಕೈ ಅಲುಗಿಸಿದಳೆಂದು ಆಕೆಯ ಮೇಲೂ ಅಪವಾದ ಹೊರಿಸಿಯಾದ ಮೇಲೆ, ಅಜ್ಜಿ ಮಂಚದಿಂದ ಇಳಿದು ಬಂದು, ತಗಡಿನ ಅಂಚನ್ನು ಉಗುರಿನಿಂದ ಕೆದಕಿ, ಅದರ ಮೇಲೆ ಅಂಟಿಕೊಂಡಿದ್ದ ತೆಳು ನೀಲಿ ಹಾಳೆಯನ್ನು ಬಾಳೆಯ ಸಿಪ್ಪೆಯಂತೆ ಸುಲಿದಿಟ್ಟು, “ಈಗ ಒತ್ತು” ಎಂದರು. ತಗಡಿಗೆ ಗೀರು ಬೀಳದಂತೆ ಕಂಪನಿಯವರು ಅಂಟಿಸಿ ಕಳುಹಿಸುವ ರಕ್ಷಾಕವಚವದು. ಈಗ ಅಚ್ಚಕ್ಕ ಇತರ ಹೊಸಬರ ಕಥೆಯನ್ನು ಹೇಳಿ ನಗುವಾಗಲೆಲ್ಲ ಈ ನೀಲಿ ಹಾಳೆಯ ಪ್ರಸಂಗವನ್ನು ಕೆ.ಆರ್. ನಗರದ ಯಾರೋ ಗೆಳತಿಯ ಮನೆಯಲ್ಲಿ ನಡೆದದ್ದೆಂದು ಹೇಳುತ್ತಾಳೆ. ನಾನು ಆಕ್ಷೇಪಿಸುವುದಿಲ್ಲ.

ಅಂದಿನಿಂದ ಅಜ್ಜಿಯೇ ಈ ವಿದ್ಯೆಯ ತಾಂತ್ರಿಕ ಸಲಹೆಗಾರರು. ಪ್ರತಿ ಸಂಕ್ರಾಂತಿಗೂ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಕೂಡಿಸಿ ಬಿಗಿದು, ಸಕ್ಕರೆಯ ಪಾಕ ಹೊಯ್ದು, ಆನೆ, ಗಿಳಿ, ತುಳಸೀಕಟ್ಟೆ, ಬಾಳೆಗೊನೆಗಳನ್ನು ಮುಕ್ಕಾಗದಂತೆ ಬಿಡಿಸಿ ತೆಗೆಯುವ ಕೈ ಅವರದು. ಉಗುರುಬಣ್ಣ ತೆಳುವಾಗಿ ಚಿತ್ರ ಮಸಕಾದರೆ ಕುಳಿತಲ್ಲಿಂದಲೇ, “ಪಾಕ ಸಾಲ್ದು ಕಣೆ” ಎನ್ನುವರು. ಬಣ್ಣ ಗಟ್ಟಿಯಾಗಿ ಗುಂಡಿಗೂ ತಗಡಿಗೂ ನಡುವೆ ಜೇಡರ ನೂಲಿನಂತೆ ಎಳೆಯೆದ್ದರೆ, “ಎಳೆಪಾಕ ದಾಟಿಹೋಯ್ತು, ಇಳಿಸು” ಎನ್ನುವರು. ಎರಡು ಹನಿ ತಿನ್ನರ್ ಬಿದ್ದರೆ ಸರಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ನೇಲ್ ಪಾಲಿಶು ಈ ಕಾರ್ಯಕ್ಕೆ ನಿರುಪಯುಕ್ತವೆಂದೂ, ಒಂದೇ ಪದರದಲ್ಲಿ ತಳವನ್ನು ಮುಚ್ಚುವಷ್ಟು ದಟ್ಟವಾದ ಬಣ್ಣ ಬೇಕೆಂದೂ ಆ ಹುಡುಗಿ ಎಷ್ಟೋ ಸೀಸೆಗಳನ್ನು ಹಾಳುಮಾಡಿ ಕಂಡುಕೊಂಡ ಸತ್ಯವನ್ನು ಅಜ್ಜಿ ಸಕ್ಕರೆಯ ಬಾಣಲೆಯ ಮುಂದೆ ನಿಂತೇ ತಿಳಿದಿದ್ದರು.

ಆದರೆ ಈ ವಿದ್ಯೆಯಿಂದ ಮನೆಮಂದಿಗೆ ಒದಗುವ ಕ್ಲೇಶವು ಬಣ್ಣದ ದೆಸೆಯಿಂದಲ್ಲ, ಗಾಳಿಯ ದೆಸೆಯಿಂದ. ತಗಡಿನ ಮೇಲೆ ಬಳಿದ ಬಣ್ಣ ಕೆಲವೇ ಕ್ಷಣಗಳಲ್ಲಿ ಒಣಗಿಬಿಡುವುದರಿಂದ ಅಷ್ಟರೊಳಗೆ ಹೆರೆದು, ಎತ್ತಿ, ಒತ್ತಿಯಾಗಿರಬೇಕು. ಆದಕಾರಣ ಒತ್ತುವ ಹೊತ್ತಿನಲ್ಲಿ ಫ್ಯಾನು ತಿರುಗಕೂಡದು. ಒತ್ತಿದ ಮೇಲೆ ಉಗುರು ಬೇಗ ಒಣಗಬೇಕಾದುದರಿಂದ ಫ್ಯಾನು ತಿರುಗಲೇಬೇಕು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, “ಫ್ಯಾನ್ ಆರ್ಸಿ ದೊಡ್ಡಪ್ಪ”, “ಫ್ಯಾನ್ ಹಾಕಿ ದೊಡ್ಡಪ್ಪ” ಎಂಬ ಆಜ್ಞೆಗಳು ಬೆರಳಿಗೊಂದರಂತೆ ಹತ್ತು ಆವರ್ತಿ ಹೊರಡುವಾಗ, ಒಂದು ಕಾಲದಲ್ಲಿ ಜವಾನನನ್ನು ಕರೆದು ಫ್ಯಾನು ಹಾಕಿಸುತ್ತಿದ್ದ ನಾನು ಸ್ವಿಚ್ಚಿನ ಪಕ್ಕಕ್ಕೆ ಕುರ್ಚಿಯನ್ನೇ ಎಳೆದುಕೊಂಡೆ. ಆಮೇಲೆ ಹೆರೆಯುವ ಸಾಧನ. ಪ್ಲೇಟಿನೊಡನೆ ಬಂದದ್ದು ತಗಡನ್ನು ಗೀಚಿತೆಂದು, ನೆಟ್ಟಗಿನ ಅಂಚಿನ ಪ್ಲಾಸ್ಟಿಕ್ ಬೇಕೆಂದು ಆಕೆ ಒಂದು ದಿನ ಕೈಗೆ ಸಿಕ್ಕಿದ ಕಾರ್ಡೊಂದನ್ನು ಕೊಂಡೊಯ್ದಳು. ಪಿಂಚಣಿ ಬಂದ ಮರುದಿನ ಹಣ ತೆಗೆಯಲು ಹೋದ ನನ್ನ ಎಟಿಎಂ ಕಾರ್ಡು ನೇರಳೆ ಅಂಚಿನ ಜರಿಶಾಲಿನಂತೆ ಶೋಭಿಸುತ್ತಿದ್ದುದನ್ನು ಕಂಡು ಸರದಿಯಲ್ಲಿ ಹಿಂದೆ ನಿಂತವರು ಇದು ಯಾವ ಬ್ಯಾಂಕಿನದೆಂದು ವಿಚಾರಿಸಿದರು. ಉಗುರಿನ ಸುತ್ತಲ ಚರ್ಮಕ್ಕೆ ಫೆವಿಕಾಲ್ ಬಳಿದು, ಚೆಲ್ಲಿದ ಬಣ್ಣದ ಸಮೇತ ಅದನ್ನು ಪೊರೆಯಂತೆ ಸುಲಿಯುವ ಕ್ರಮವೂ ಒಂದುಂಟು. ಮನೆಯ ಕಾಲೊರಸಿನ ಮೇಲೆಲ್ಲ ಚದರಿದ ಆ ಪೊರೆಗಳನ್ನು ಹಾವಿನದೆಂದು ಬಗೆದು ಕೆಲಸದವಳು ಒಂದು ದಿನ ಒಳಗೆ ಬರಲಿಲ್ಲ.

ಚಿತ್ರಗಳ ಆಯ್ಕೆಯಲ್ಲಿ ಆಕೆಗೆ ದೇಶಕಾಲಗಳ ಹಂಗಿಲ್ಲ. ನಾಗರಹೊಳೆಯ ಆನೆ ರಾತ್ರಿಯೆಲ್ಲ ರಾಗಿಯ ಹೊಲ ಮೇಯುವ ಸೀಮೆಯಲ್ಲಿ ಕುಳಿತು ಆಕೆ ಉಗುರಿಗೆ ಒತ್ತುವುದು ಐಫೆಲ್ ಗೋಪುರವನ್ನು, ಹಿಮದ ಹರಳನ್ನು. ನಾಲ್ಕು ತಾಲ್ಲೂಕುಗಳಲ್ಲಿ ಹಿಮದಲ್ಲಿ ನಡೆದು ಬಂದವರೆಂದರೆ 1961ರ ಸುಮಾರಿಗೆ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ನೆಲೆಯೂರತೊಡಗಿದ ಟಿಬೆಟ್ಟಿನ ಹಿರಿಯರು. ಅವರ ಉಗುರಿನ ಮೇಲೆ ನಾನೊಂದು ಹಿಮದ ಹರಳನ್ನೂ ಕಂಡಿಲ್ಲ. ಕನ್ನಡದ ಅಕ್ಷರವಿರುವ ಪ್ಲೇಟೊಂದು ಸಿಕ್ಕಲಿಲ್ಲವೆಂಬುದು ಆಕೆಯ ಶಾಶ್ವತವಾದ ಅಳಲು. ಚುಂಚನಕಟ್ಟೆಯ ಜಾತ್ರೆಯಲ್ಲಿ, ಇಡೀ ಸೀಮೆಯೇ ಎತ್ತುಗಳ ಹಲ್ಲು ನೋಡುತ್ತಿದ್ದಾಗ, ಈಕೆ ಬಳೆಯಂಗಡಿಗಳ ಸಾಲಿನಲ್ಲಿ ‘ಶ್ರೀ’ಕಾರದ ಪ್ಲೇಟು ಉಂಟೇ ಎಂದು ವಿಚಾರಿಸಿದಳಂತೆ, ಅಂಗಡಿಯವನು ರಂಗೋಲಿಯ ಜಾಲರಿಯನ್ನು ತೆಗೆದುಕೊಟ್ಟನಂತೆ.

ಆಕೆಯ ವ್ಯವಹಾರಕ್ಕೂ ಒಂದು ಋತುಮಾನವಿದೆ. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ಹೆಂಗಸರ ಕೈಗೆ ಹತ್ತಿದ ಸೊಪ್ಪಿನ ಅಂಟು ಕರಿಯ ಕೈಗವಸಿನಂತೆ ಕೂತುಬಿಡುತ್ತದೆ. ಆಗ ಉಗುರು ಎಲ್ಲಿದೆಯೆಂದು ಹುಡುಕುವುದೇ ಕಷ್ಟವಾಗಿ ಅಚ್ಚಕ್ಕನ ಡಬ್ಬಿ ಅಟ್ಟ ಸೇರುತ್ತದೆ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜು ಆರಂಭವಾಗಿ, ಮನೆಗೆ ನಾಲ್ಕು ಕಾಸು ಬಂದು, ಮದುವೆಯ ಮಾತುಕತೆ ಕುದುರಿದಾಗ ಡಬ್ಬಿ ಕೆಳಗಿಳಿಯುತ್ತದೆ. ಮದುವಣಗಿತ್ತಿಯ ಅಂಗೈಗೆ ಗೋರಂಟಿ, ಅದರ ಹಿಮ್ಮಗ್ಗುಲಿಗೆ ಅಚ್ಚಕ್ಕ. ಇಷ್ಟೆಲ್ಲ ಲೋಕದ ಕೈಗಳನ್ನು ಸಿಂಗರಿಸುವವಳ ಸ್ವಂತ ಉಗುರುಗಳನ್ನು ನೋಡಿದರೆ ಮಾತ್ರ ಕನಿಕರವಾಗುತ್ತದೆ: ಹತ್ತರಲ್ಲಿ ಮೂರು ಅರ್ಧ ಅಳಿಸಿದ್ದು, ಎರಡು ಪ್ರಯೋಗಕ್ಕೆ ಒಳಗಾದದ್ದು, ಉಳಿದವು ರಿಮೂವರಿಗೆ ಬೆಂದು ಬೆಳ್ಳಗಾದದ್ದು.

ಇಂಥವಳ ಅಹಂಕಾರಕ್ಕೆ ಒಂದೇ ಒಂದು ಸಲ ಭಂಗ ಬಂದುದನ್ನು ನಾನು ಬಲ್ಲೆ. 2024ರ ಏಪ್ರಿಲ್ 26ರಂದು ಲೋಕಸಭೆಯ ಮತದಾನ. ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಂದು ಕಡೆ ಇರಲು ಬಿಡದೆ, ಹುಣಸೂರು ಪಿರಿಯಾಪಟ್ಟಣಗಳನ್ನು ಮೈಸೂರಿಗೂ, ಕೆ.ಆರ್. ನಗರವನ್ನು ಮಂಡ್ಯಕ್ಕೂ, ಎಚ್.ಡಿ. ಕೋಟೆಯನ್ನು ಚಾಮರಾಜನಗರಕ್ಕೂ ಹಂಚಿರುವರಾದರೂ, ಅಂದು ನಾಲ್ಕೂ ಕಡೆ ಎಡಗೈಯ ತೋರುಬೆರಳಿಗೆ ಬಿದ್ದ ಮಸಿ ಒಂದೇ. ಅಚ್ಚಕ್ಕ ಹಿಂದಿನ ರಾತ್ರಿ ಒಂಬತ್ತು ಉಗುರುಗಳಿಗೆ ಮಲ್ಲಿಗೆಯ ಮೊಗ್ಗನ್ನು ಒತ್ತಿ, ಆ ಒಂದನ್ನು ಮಾತ್ರ, “ಇದು ಸರ್ಕಾರದ್ದು” ಎಂದು ಬೋಳಾಗಿ ಬಿಟ್ಟುಕೊಂಡು ಬಂದಿದ್ದಳು. ಮತಗಟ್ಟೆಯ ಸಿಬ್ಬಂದಿ ಸಣ್ಣ ಕಡ್ಡಿಯೊಂದನ್ನು ಸೀಸೆಗೆ ಅದ್ದಿ, ಉಗುರಿನ ತುದಿಯಿಂದ ಕೆಳಗಿನ ಚರ್ಮದವರೆಗೆ ಒಂದು ಸೊಟ್ಟಗೆರೆ ಎಳೆದರು. ಹಿಂದೆಯೇ ನಿಂತಿದ್ದ ನನಗೆ ಆಕೆಯ ಬೆನ್ನು ನಡುಗಿದ್ದು ಕಾಣಿಸಿತು. “ಬೇಸ್ ಕೋಟಿಲ್ಲ, ಹೆರೆಯೋದಿಲ್ಲ, ಅಂಚು ಒರ್ಸೋದೂ ಇಲ್ಲ!” ಎಂದು ಹೊರಬಂದವಳೇ ಮನೆಗೆ ಓಡಿ ರಿಮೂವರ್ ಹಚ್ಚಿದಳು. ಹೋಗಲಿಲ್ಲ. ನಿಂಬೆಹುಳಿಗೂ ಹೋಗಲಿಲ್ಲ, ಅಜ್ಜಿಯ ಸೀಗೆಪುಡಿಗೂ ಹೋಗಲಿಲ್ಲ. ಮೂರನೆಯ ದಿನ ನೋಡಿದರೆ ಮೊದಲಿಗಿಂತ ಕಪ್ಪಾಗಿತ್ತು.

“ದೊಡ್ಡಪ್ಪ, ಇದು ಯಾವ ಕಂಪನಿದು?”

ಮೈಸೂರಿನದೇ ಎಂದೆ. ಕಾಡಿನ ಅರಗನ್ನು ಬಳಸಿ ಬಣ್ಣ ತಯಾರಿಸಲೆಂದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಗಿ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎನ್ನಿಸಿಕೊಂಡಿರುವ ಸರ್ಕಾರಿ ಕಾರ್ಖಾನೆಯದು. 1962ರ ಮಹಾಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅದೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಮೈಯ ಉಪ್ಪಿನೊಡನೆ ಬೆರೆತು ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರಿನಂತೆ ಬೆಳೆದು ಕತ್ತರಿಸಿ ಹೋಗುವವರೆಗೂ ಅದಕ್ಕೆ ಮರಣವಿಲ್ಲ ಎಂದು ನನಗೆ ತಿಳಿದುದನ್ನೆಲ್ಲ ಹೇಳಿದೆ. ಆಕೆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಮೊಹರಿನ ಸೇವೆಗೆ ಎಂದೂ ತೋರಿಸದಿದ್ದ ಗೌರವದಿಂದ ಆ ಸೊಟ್ಟಗೆರೆಯನ್ನು ನೋಡಿದಳು. ಸಣ್ಣ ಸೀಸೆ ಎಷ್ಟಾಗುತ್ತದೆ ಎಂದು ಕೇಳಿದಳು. ಚುನಾವಣೆಯವರಿಗಲ್ಲದೆ ಅಂಗಡಿಗೆ ಅದನ್ನು ಮಾರುವುದಿಲ್ಲವೆಂದೆ. ಎರಡು ದಿನ ಮಾತಾಡಲಿಲ್ಲ.

ಗೆರೆ ಉಗುರಿನೊಡನೆ ನಿಧಾನವಾಗಿ ಮೇಲಕ್ಕೆ ಸರಿಯಿತು. ಜುಲೈ ತಿಂಗಳಿನ ಒಂದು ಸಂಜೆ, ಹೊರಗೆ ಜಡಿಮಳೆ ಸುರಿಯುತ್ತಿರುವಾಗ, ತುದಿಯಲ್ಲಿ ಎಳ್ಳಿನಷ್ಟು ಉಳಿದಿದ್ದ ಕಪ್ಪನ್ನು ಕತ್ತರಿಸಲೊಲ್ಲದೆ, ಅದರ ಕೆಳಗಿನ ಹೊಸ ಉಗುರಿನ ಮೇಲೆ ಅದೇ ಕಪ್ಪಿನ ನವಿಲುಗರಿಯೊಂದನ್ನು, ಆ ಚುಕ್ಕೆಯೇ ಗರಿಯ ತುದಿಯಾಗುವಂತೆ ಉರುಳಿಸಿ ಒತ್ತಿ, ಮೂಗಿನ ಬಳಿ ಹಿಡಿದು ನೋಡಿ, ತಲೆಯೆತ್ತದೆಯೇ ಹೇಳಿದಳು:

“ಫ್ಯಾನ್ ಹಾಕಿ ದೊಡ್ಡಪ್ಪ.”