ಒಂದೇ ದಿನದಲ್ಲಿ ನಾಲ್ಕು ತಾಲ್ಲೂಕು ನೋಡಿ ಮುಗಿಸಿದ ಮಹನೀಯರಿಗೆ

ಮಾನ್ಯರೇ,

ತುಮಕೂರು ರೈಲ್ವೆ ಸ್ಟೇಷನ್ನಿನ ಮುಂದೆ ಹಳದಿ ಬೋರ್ಡಿನ ಕಾರು ಇಟ್ಟುಕೊಂಡಿರುವ, ಪಾವಗಡ ತಾಲ್ಲೂಕು ತಿರುಮಣಿಯ ಡ್ರೈವರ್ ಮಾಡುವ ನಮಸ್ಕಾರಗಳು. ಹೆಸರು ಬೇಡ ಬಿಡಿ, ಇಡೀ ದಿನ ನೀವೂ ಕೇಳಲಿಲ್ಲ.

ಇಳಿಯುವಾಗ ಒಂದು ಮಾತು ಹೇಳಿದಿರಿ: "ಬ್ಯಾಂಕಾಕಿನಿಂದ ಪ್ಯಾರಿಸ್‌ವರೆಗೂ ನೋಡಿದ್ದೀನಿ, ಟ್ಯಾಕ್ಸಿಯವರು ಎಲ್ಲಾ ಕಡೆ ಒಂದೇ." ಏಳು ದಿನಕ್ಕೆ ಐದು ದೇಶ ಮುಗಿಸಿದವರು ನೀವು, ಅನುಭವದ ಮಾತು ಇರಬಹುದು. ನಮ್ಮ ಸೀಮೆಯ ಲೆಕ್ಕ ಮಾತ್ರ ಸ್ವಲ್ಪ ಬೇರೆ ಇದೆ.

ಗೊರವನಹಳ್ಳಿಯ ಲಕ್ಷ್ಮಿಗೆ ಸ್ಪೆಷಲ್ ಕ್ಯೂನಲ್ಲಿ ಕೈಮುಗಿದಿರಿ. ಸಿದ್ಧರಬೆಟ್ಟವನ್ನು ಕಾರಿನ ಕಿಟಕಿಯಿಂದ ನೋಡಿದಿರಿ. ಹತ್ತಿ ಇಳಿಯಲು ಅರ್ಧ ದಿನ ಬೇಡುವ ಮಧುಗಿರಿಯ ಏಕಶಿಲಾ ಬೆಟ್ಟವೂ ಬುಡದಲ್ಲೊಂದು ಸೆಲ್ಫಿಗೆ 'ಕವರ್' ಆಯಿತು. ಮೈದನಹಳ್ಳಿಯ ಕೃಷ್ಣಮೃಗಗಳು ಮಟಮಟ ಮಧ್ಯಾಹ್ನ ಎಲ್ಲೋ ನೆರಳಿಗೆ ಹೋಗಿದ್ದವು. "ಹಾರ್ನ್ ಹೊಡೀರಿ, ಬರ್ತಾವೆ" ಎಂದಿರಿ. ನಾನು ಹೊಡೆಯಲಿಲ್ಲ. ಅದೊಂದು ದೂರು ನಿಮ್ಮ ಪಟ್ಟಿಯಲ್ಲಿದ್ದರೆ ಹಾಗೇ ಇರಲಿ.

ಅರ್ಜೆಂಟಿಲ್ಲದೆ ನೀವು ಕೂತಿದ್ದು ಊಟದ ಹೋಟೆಲಿನಲ್ಲಿ ಮಾತ್ರ.

ಇನ್ನು ಆ ದೊಡ್ಡ ಜಗಳ. ಮಿಡಿಗೇಶಿ ದಾಟಿದ ಮೇಲೆ ನಿಮ್ಮ ಫೋನಿಗೆ ಆಂಧ್ರದ ಮೆಸೇಜು ಬಂತು. "ಕಿಲೋಮೀಟರ್ ಏರಿಸೋಕೆ ಬೇರೆ ರಾಜ್ಯ ಸುತ್ತಿಸ್ತಿದ್ದೀಯಾ?" ಎಂದು ಗದರಿದಿರಿ. 'ಡ್ರೈವರೇ' ಎನ್ನುತ್ತಿದ್ದವರು ಅಲ್ಲಿಂದ ಏಕವಚನಕ್ಕೆ ಇಳಿದಿರಿ. ಸ್ವಾಮಿ, ಪಾವಗಡ ತುಮಕೂರು ಜಿಲ್ಲೆಯದೇ ಆದರೂ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ನಡುವೆ ಆಂಧ್ರದ ಮಡಕಶಿರಾ ಸೀಮೆ ಇದೆ. ಈ ಗಡಿ ಎಳೆದವರು ನನ್ನ ಮೀಟರು ನೋಡಿ ಎಳೆದಿಲ್ಲ. ಕಚೇರಿ ಕೆಲಸಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗುವ ನಮ್ಮ ಜನ ದಿನಾ ಹೀಗೆ ಹೊರರಾಜ್ಯ ಪ್ರವಾಸ ಮಾಡುತ್ತಾರೆ, ಯಾರೂ ಸ್ಟೇಟಸ್ ಹಾಕುವುದಿಲ್ಲ.

ಪಾವಗಡದ ಶನಿಮಹಾತ್ಮನಿಗೆ ನೀವು ಕೊಟ್ಟಿದ್ದು ಏಳು ನಿಮಿಷ. ಹಿಡಿದರೆ ಏಳೂವರೆ ವರ್ಷ ಬಿಡದ ದೇವರು! ಅವನ ಹತ್ತಿರವೂ "ಬೇಗ ಬೇಗ" ಎಂದ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

ಆಮೇಲೆ ನಮ್ಮೂರು. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟಿನ ಸೋಲಾರ್ ಪಾರ್ಕು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ನೀವು ಬೇಲಿಯ ಆಚೆಯಿಂದ ಫೋಟೊ ಹೊಡೆದಿರಿ. ನಿಮ್ಮ ಜೊತೆಗಿದ್ದ ಮೇಡಂ "ಇಷ್ಟೇನಾ?" ಎಂದರು. ಇಷ್ಟೇ ಮೇಡಂ. ನಮ್ಮಪ್ಪ ಶೇಂಗಾ ಬಿತ್ತಿ ಮಳೆಗೆ ಕಾಯುತ್ತಿದ್ದ ಹೊಲವೂ ಅದರೊಳಗಿದೆ. ಗುತ್ತಿಗೆ ಹಣ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ ಎಂದೆ. "ಕೂತು ತಿನ್ನೋ ದುಡ್ಡು ಕಣಯ್ಯಾ" ಎಂದಿರಿ. ಜಮೀನೇ ಇಲ್ಲದವರು, ಶೇಂಗಾ ಕೀಳುವ ಕೂಲಿಯನ್ನೇ ನಂಬಿದ್ದವರು ಏನು ತಿನ್ನುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀವು ಡೋರ್ ಹಾಕಿದ್ದಿರಿ. ಶಿರಾ ಬಾಕಿ ಇತ್ತಲ್ಲ.

ಶಿರಾದಲ್ಲಿ ಕತ್ತಲಾಗಿತ್ತು. ಮಲಿಕ್ ರಿಹಾನ್ ದರ್ಗಾ ಮರುದಿನವೂ ಅಲ್ಲೇ ಇರುತ್ತದೆ ಎಂದೆ. ನಿಮಗೆ ಮರುದಿನ ಇರಲಿಲ್ಲ.

ಕೊನೆಗೆ ಬಿಲ್ಲು. ವೇಟಿಂಗ್ ಚಾರ್ಜ್ ಯಾಕೆ ಎಂದು ಜಗಳ. ಯೋಚನೆ ಮಾಡಿ: ನಮ್ಮ ಹೊಲ ಬಿಸಿಲಿನಲ್ಲಿ ಸುಮ್ಮನೆ ಬಿದ್ದಿದ್ದಕ್ಕೆ ವರ್ಷಾ ವರ್ಷಾ ದುಡ್ಡು ಬರುತ್ತದೆ, ಕಾಗದಪತ್ರ ಸಮೇತ. ಅದೇ ಬಿಸಿಲಿನಲ್ಲಿ, ಅದೇ ಹೊಲದವನ ಮಗ, ನಿಮ್ಮ ಊಟ ಮುಗಿಯಲೆಂದು ಹೋಟೆಲಿನ ಮುಂದೆ ಕಾದರೆ ಅದು ಮೋಸ. ಊರಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ನಮ್ಮಪ್ಪ ಮಾತ್ರ "ಅಗ್ರಿಮೆಂಟ್ ಮಾಡಿಸ್ಕೋಬೇಕಿತ್ತು ಕಣೋ" ಅಂದರು.

ಇನ್ನೊಮ್ಮೆ ಬರುವುದಾದರೆ ದಯವಿಟ್ಟು ಒಂದೇ ತಾಲ್ಲೂಕಿಗೆ ಬನ್ನಿ, ಬೆಳಗ್ಗೆ ಬೇಗ ಬನ್ನಿ. ಬೆಟ್ಟದ ತುದಿವರೆಗೂ ಹತ್ತಿ ಬಂದರೆ ವೇಟಿಂಗ್ ಚಾರ್ಜ್ ನಾನೇ ಬಿಡುತ್ತೇನೆ. ಡ್ರೈವರ್ ಬಾಟಾ ಮಾತ್ರ ಬಿಡುವುದಿಲ್ಲ.

ಇಂತಿ,
ತಿರುಮಣಿಯ ಡ್ರೈವರ್