ಹಾಫ್ ಕ್ಲಚ್ ಪಂಡಿತ

ಜಯನಗರ, ಬನಶಂಕರಿಯ ಬೀದಿಗಳಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೇನೂ ಬರವಿಲ್ಲ. ಅವರ ನಡುವೆ ಆಟೊಮೊಬೈಲ್ ಓದುವವನನ್ನು ಮಾತ್ರ ಕಿವಿಯಿಂದಲೇ ಗುರುತಿಸಬಹುದು. ಹಾದುಹೋಗುವ ಗಾಡಿಯ ಸದ್ದಿಗೆ ಕಿವಿಗೊಟ್ಟು, ಯಾರೂ ಕೇಳದಿದ್ದರೂ 'ಟ್ಯಾಪೆಟ್ ಲೂಸಾಗಿದೆ' ಎಂದು ಷರಾ ಬರೆಯುವವನೇ ಅವನು. ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿಲ್ಕ್ ಬೋರ್ಡ್ ಕಡೆ ಕಾರು ಓಡಿಸುವ ಕಷ್ಟ ಯಾವ ಅಂಕಲ್‌ಗೂ ಬೇಡ. ಜಾಮಿನಲ್ಲಿ ಹಾಫ್ ಕ್ಲಚ್ ಹಿಡಿದಿರೋ, ಪಾಠ ಶುರು: "ಅಂಕಲ್, ಪ್ಲೇಟು ಫ್ಲೈವೀಲನ್ನ ಪೂರ್ತಿ ಕಚ್ಕೊಳ್ದೆ ಜಾರ್ತಾ ಇದೆ. ಜಾರಿದಷ್ಟೂ ಕಾಯುತ್ತೆ, ಕಾದಷ್ಟೂ ಸವೆಯುತ್ತೆ." ಪಾಠಕ್ಕೆ ಹೆದರಿ ಗಾಡಿ ನಿಲ್ಲಿಸಿದರೆ ಹಿಂದಿನವನ ಹಾರ್ನು, ತೆವಳಿಸಿದರೆ ಪಕ್ಕದವನ ಪ್ರವಚನ. ಅವನು ಹೇಳುವುದು ನೂರಕ್ಕೆ ನೂರು ಸರಿ ಎಂಬುದೇ ಸಿಟ್ಟಿನ ಮೂಲ. ಇಷ್ಟಾಗಿ, ಟೈರ್ ಪಂಕ್ಚರಾದರೆ ಜಾಕ್ ಎಲ್ಲಿದೆಯೆಂದು ಅಂಕಲ್ಲನ್ನೇ ಕೇಳುತ್ತಾನೆ!

ನಗೋಣ, ಆದರೆ ನಗಬೇಕಾದದ್ದು ಅವನ ಓದಿಗಲ್ಲ, 'ಮೆಕ್ಯಾನಿಕ್' ಎಂದೊಡನೆ ಊದಿಕೊಳ್ಳುವ ಅವನ ಮುಖಕ್ಕೆ. ಆ ಬಿಗುಮಾನ ಕಲಿಸಿದವರೂ ನಾವೇ. ಮದುವೆಮನೆಯಲ್ಲಿ "ಆಟೊಮೊಬೈಲಾ? ಗ್ಯಾರೇಜ್ ಇಡ್ತೀಯೇನಪ್ಪ?" ಎಂದು ಕೇಳುವವರು ನಾವು, ಬಾನೆಟ್ ತೆಗೆಯುವ ಲಿವರ್ ಹುಡುಕಲು ಅವನನ್ನೇ ಕೂಗುವವರೂ ನಾವು. ವಿಶ್ವವಿದ್ಯಾಲಯ ಇರುವುದು ಸಿದ್ಧಾಂತಕ್ಕೆ, ಸ್ಪ್ಯಾನರ್ ಹಿಡಿಯಲು ಐಟಿಐ ಇದೆಯಲ್ಲ ಎನ್ನುವವರಿದ್ದಾರೆ. ಸಿದ್ಧಾಂತವನ್ನೇ ಸಾಕ್ಷಿಗೆ ಕರೆಯೋಣ. ಕಂಪ್ರೆಷನ್ ರೇಶಿಯೊ 10 ಇರುವ ಪೆಟ್ರೋಲ್ ಎಂಜಿನ್ನಿಗೆ ಪುಸ್ತಕದ ಸೂತ್ರ ಕೊಡುವ ದಕ್ಷತೆ ಸುಮಾರು ಶೇ. 60. ಊರೊಳಗಿನ ಓಡಾಟದಲ್ಲಿ ಅದರರ್ಧ ದಕ್ಕಿದರೂ ಪುಣ್ಯ. ಉಳಿದದ್ದನ್ನು ರೇಡಿಯೇಟರ್, ಸೈಲೆನ್ಸರ್, ತಿಕ್ಕಾಟ ಹಂಚಿಕೊಂಡು ತಿನ್ನುತ್ತವೆ. ಈ ಸೋರಿಕೆಯ ಲೆಕ್ಕ ಹಾಳೆಯ ಮೇಲೆ ಪೂರ್ತಿ ಸಿಗುವುದಿಲ್ಲ. ಅದು ಸಿಗಬೇಕಾದರೆ ಕೈಗೆ ಮಸಿ ಹತ್ತಬೇಕು.

ಹತ್ತಿಸಿಕೊಂಡವರೂ ಇದ್ದಾರೆ. ಮೈಸೂರು ರಸ್ತೆಯ ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಇದೆ. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಪೆಟ್ರೋಲ್ ಎಂಜಿನ್ ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಲ್ಲೇ ನುಸುಳಬೇಕು. ಓಡಿದರಷ್ಟೇ ಸಾಲದು, ಪ್ರತಿ ಬೋಲ್ಟಿನ ಖರ್ಚಿಗೂ ಲೆಕ್ಕ ಒಪ್ಪಿಸಬೇಕು. ಅಲ್ಲಿ ವೆಲ್ಡಿಂಗ್ ಬಿಟ್ಟುಕೊಂಡರೆ ಪ್ರವಚನ ಕಾಯುವುದಿಲ್ಲ. ಬ್ಯಾಟರಿ ಗಾಡಿಯ ಕಾಲ ಬಂತಲ್ಲ, ಇನ್ನೆಲ್ಲಿಯ ಮಸಿ ಎಂದರೆ, 2001ರಲ್ಲೇ ರೇವಾ ಎಂಬ ಬ್ಯಾಟರಿ ಕಾರನ್ನು ರಸ್ತೆಗಿಳಿಸಿದ ಊರಿದು. ಕ್ಲಚ್ ಹೋಯಿತು, ನಿಜ. ಬ್ರೇಕು, ಬೇರಿಂಗು, ಸಸ್ಪೆನ್ಷನ್ ಎಲ್ಲೂ ಹೋಗಲಿಲ್ಲ, ಜೊತೆಗೆ ಬ್ಯಾಟರಿಯ ಬಿಸಿಯೊಂದು ಹೊಸ ತಲೆನೋವಾಯಿತು.

ಆದರೂ ನಮ್ಮ ಪಂಡಿತರಲ್ಲಿ ಎಷ್ಟೋ ಮಂದಿ ಕೊನೆಗೆ ಸೇರುವುದು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಗೇ. ಸಂಬಳ ಅಲ್ಲಿದ್ದಾಗ ಅವರನ್ನು ದೂರಿ ಫಲವಿಲ್ಲ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ರಾಗಿಗುಡ್ಡ, ಬಿಟಿಎಂ, ಸಿಲ್ಕ್ ಬೋರ್ಡ್ ದಾಟಿಸಿ ಅವರನ್ನು ಎತ್ತರದಲ್ಲೇ ಒಯ್ಯುತ್ತಿದೆ. ಆ ಏಸಿ ಬೋಗಿಯೊಳಗೆ ಯಾವ ಟ್ಯಾಪೆಟ್ ಸದ್ದೂ ಕೇಳಿಸದು. ಕೇಳಿಸಿಕೊಳ್ಳಬಲ್ಲ ಕಿವಿಯಲ್ಲಿ ಇಯರ್‌ಫೋನು ಬೇರೆ. ಕೆಳಗೆ ಅಂಕಲ್ ಇನ್ನೂ ಹಾಫ್ ಕ್ಲಚ್ಚಿನಲ್ಲೇ ತೆವಳುತ್ತಿದ್ದಾರೆ. ಪಕ್ಕದ ಸೀಟು ಖಾಲಿ, ಬೈಯುವವರಿಲ್ಲ. ಪ್ಲೇಟು ಮಾತ್ರ ಅವನು ಹೇಳಿದಂತೆಯೇ ಸವೆಯುತ್ತಿದೆ.