ಸಂಚಕಾರ ಕೊಟ್ಟ ಕಾಕಾ

ಕಲೆಯನ್ನು ಅರಿಯದವರಿಂದ ಕಲೆಗಾರನಿಗೆ ಒದಗುವ ಕ್ಲೇಶ ಅಲ್ಪವಾದದ್ದು. ಕಲ್ಪನೆ ಹೇರಳವಾಗಿದ್ದೂ ತಾವು ಕುಂಚ ಹಿಡಿಯಲಾರದೆ, ಅದನ್ನು ಇನ್ನೊಬ್ಬನ ಕೈಯಲ್ಲಿಟ್ಟು ಅವನ ಬೆನ್ನ ಹಿಂದೆ ನಿಲ್ಲತಕ್ಕ ಮಹನೀಯರಿಂದ ಒದಗುವುದೇ ದುಸ್ಸಹವಾದದ್ದು. ಮನೆ ಕಟ್ಟಿಸುವಾಗ ಗವಂಡಿಯ ಪಕ್ಕದಲ್ಲಿ, ಅಂಗಿ ಹೊಲಿಸುವಾಗ ಸಿಂಪಿಗನ ಪಕ್ಕದಲ್ಲಿ ಇವರ ಸಾನ್ನಿಧ್ಯ ತಪ್ಪದು. ನಮ್ಮ ಬಾಲಗಾಂವದಲ್ಲಿ ಆ ಪದವಿ ಕಾಕಾ ಅವರದು.

ಜತ್ತ ತಾಲೂಕಿನ ನಾವು ಮನೆಯಲ್ಲಿ ಕನ್ನಡವನ್ನೇ ಆಡಿದರೂ, ದೀಪಾವಳಿ ಬಂದಿತೆಂದರೆ ನಮ್ಮ ಮಕ್ಕಳು ಮಹಾರಾಷ್ಟ್ರದ ಉಳಿದ ಮಕ್ಕಳಂತೆಯೇ ಅಂಗಳದಲ್ಲಿ ಕಲ್ಲುಮಣ್ಣಿನ ಕಿಲ್ಲೆ ಕಟ್ಟಿ, ಅಳವಿ ಚೆಲ್ಲಿ ಹಸಿರು ಮೂಡಿಸಿ, ನೆತ್ತಿಯ ಮೇಲೆ ಶಿವಾಜಿ ಮಹಾರಾಜರನ್ನೂ ಮೆಟ್ಟಿಲುಗಳ ಮೇಲೆ ಅವರ ಬೆರಳುದ್ದದ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಪುಣೆಯಿಂದ ಬರಲಿದ್ದ ಮೊಮ್ಮಗನಿಗಾಗಿ ಪ್ಲಾಸ್ಟರಿನ ಕುದುರೆಸವಾರನೊಬ್ಬನನ್ನು ಪೇಟೆಯಿಂದ ತಂದ ಕಾಕಾ, ಐವತ್ತು ರೂಪಾಯಿ ಸಂಚಕಾರವನ್ನೂ ನನ್ನ ಮುಂದಿಟ್ಟು, "ಮಾಸ್ತರ, ಇವನ್ನ ಬೆಳವಡಿ ಮಲ್ಲಮ್ಮನ್ನ ಮಾಡಿ ಕೊಡ್ರಿ. ಕಿಲ್ಲೇದಾಗ ನಮ್ಮಾಕಿನೂ ಒಬ್ಬಾಕಿ ಇರ್ಲಿ" ಎಂದರು. 1678ರ ಸುಮಾರಿಗೆ ಮರಾಠಾ ಸೈನ್ಯವನ್ನು ಎದುರಿಸಿದ ರಾಣಿ ಮಲ್ಲಮ್ಮನೇ ಮುಂದೆ ಮಹಾರಾಜರ ಔದಾರ್ಯಕ್ಕೆ ಮೆಚ್ಚಿ ಧಾರವಾಡದ ಬಳಿಯ ಯಾದವಾಡದಲ್ಲಿರುವ ಅವರ ಶಿಲ್ಪವನ್ನು ಕೆತ್ತಿಸಿದಳೆಂಬ ಪ್ರತೀತಿಯಿರುವುದರಿಂದ, ಬೇಡಿಕೆ ಅನುಚಿತವೆನ್ನುವಂತಿರಲಿಲ್ಲ. ಆಕೆ ಆ ಶಿಲ್ಪಿಯ ಉಳಿಯನ್ನು ಎಷ್ಟು ಸಲ ತಡೆದಳೆಂಬುದನ್ನು ಮಾತ್ರ ಇತಿಹಾಸ ಹೇಳುವುದಿಲ್ಲ.

ಸವಾರನ ಮೀಸೆ ಕೆರೆದು, ಈಟಿ ಹಿಡಿದ ಕೈಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಭುಜದಲ್ಲಿ ದಬ್ಬಣದಿಂದ ರಂಧ್ರ ಕೊರೆದು ತಂತಿ ತೂರಿಸಿ, ಎಂ-ಸೀಲಿನ ಎರಡು ತುಂಡುಗಳನ್ನು ಒಂದೇ ಬಣ್ಣ ಬರುವ ತನಕ ನಾದಿ ಹೊಸ ತೋಳನ್ನು ತಿದ್ದಿದೆ. ಎಂ-ಸೀಲು ಗಟ್ಟಿಯಾಗುವ ತನಕ ಮಾತ್ರ ಮಾತು ಕೇಳುವ ಪದಾರ್ಥ. ಕಾಕಾರ ಕಲ್ಪನೆಯಾದರೋ ಅದು ಗಟ್ಟಿಯಾದ ಬಳಿಕವೇ ಚಿಗುರತಕ್ಕದ್ದು. "ಖಡ್ಗ ಜರಾ ಮ್ಯಾಲೆ ಎತ್ರಿ." ತೋಳು ಕತ್ತರಿಸಿ ಎತ್ತಿದೆ. "ಸೀರಿ ಇಳಕಲ್ ಆಗ್ಲಿ, ತೋಪು ತೆನಿ ಸೆರಗ ಇರ್ಲಿ." ಕಡಲೆಕಾಳಿನಗಲದ ಸೆರಗಿನ ಮೇಲೆ ಸೊನ್ನೆ ನಂಬರಿನ ಕುಂಚದಿಂದ ಉಸಿರು ಬಿಗಿಹಿಡಿದು ತೆನೆ ಬರೆದೆ. "ಕುದರಿಗೆ ರೆಕ್ಕಿ ಹಚ್ಚಿದ್ರ ಹ್ಯಾಂಗ?" ಇತಿಹಾಸದಲ್ಲಿ ರೆಕ್ಕೆಯ ಕುದುರೆಗಳಿಲ್ಲವೆಂದು ನಾನು ವಿನಯದಿಂದ ಅರಿಕೆ ಮಾಡಲು, "ಉಚ್ಚೈಶ್ರವಸ್ಸು ಹಾರ್ತಿತ್ತಲ್ರಿ? ಅದಕ್ಕ ಏಳ ತಲಿ ಬ್ಯಾರೆ!" ಎಂಬ ಪುರಾಣಪ್ರಮಾಣ ಬಂದಿತು. ತಗಡು ಕತ್ತರಿಸಿ ರೆಕ್ಕೆ ಕೂಡಿಸಿದ ಮೇಲೆ, ಆರು ತಲೆಗಳನ್ನು ಕಾಕಾ ಔದಾರ್ಯದಿಂದ ಬಿಟ್ಟುಕೊಟ್ಟರು.

1983ರಲ್ಲಿ ಇಂಗ್ಲೆಂಡಿನಿಂದ ವಾರ್‌ಹ್ಯಾಮರ್ ಎಂಬ ಯುದ್ಧದ ಆಟ ಹೊರಟಂದಿನಿಂದ, ಅದರ ಪುಟ್ಟ ರಾಕ್ಷಸರ ಕೈಕಾಲು ಬದಲಿಸಿ ಬಣ್ಣ ಹಚ್ಚಿಕೊಟ್ಟೇ ಜೀವಿಸುವವರು ಪಾಶ್ಚಾತ್ಯ ದೇಶಗಳಲ್ಲಿದ್ದಾರೆ. ಅವರಿಗೂ ಅವರವರ ಕಾಕಾಗಳು ಇರಲೇಬೇಕೆಂಬುದೊಂದೇ ನನಗಿದ್ದ ಸಮಾಧಾನ.

ಚಹಾದ ಹೊತ್ತಿಗೇ ಬರುವುದು, ಕೂಡೆಂದರೆ ಕೂಡದಿರುವುದು, ಹೊಸ ತಿದ್ದುಪಡಿಯಿದ್ದ ದಿನ ತೋಟದ ದಾಳಿಂಬೆ ತರುವುದು—ಇವು ಕಾಕಾರ ಇತರ ಲಕ್ಷಣಗಳು. ದಾಳಿಂಬೆ ಕಂಡರೆ ನನಗೆ ಎದೆ ನಡುಗುತ್ತಿತ್ತು, ತಿನ್ನದೆಯಂತೂ ಬಿಡುತ್ತಿರಲಿಲ್ಲ. ಆದರೆ ಕೊನೆಗೆ ಕಣ್ಣು ಬರೆಯುವ ಸಂಜೆ ಕರೆಂಟು ಹೋಗಲು, ಮೊಬೈಲಿನ ಬೆಳಕು ಹಿಡಿದು ನಿಂತ ಆ ಮನುಷ್ಯ ಒಂದು ಮಾತನ್ನೂ ಆಡಲಿಲ್ಲ. ಎರಡು ಕರಿಯ ಚುಕ್ಕೆಗಳು ಮೂಡಿದ ಮೇಲೆ ಮೆಲ್ಲಗೆ, "72ರ ಬರದಾಗ ನಾ ಅಪ್ಪನ ಕೂಡ ಖಡಿ ಒಡ್ಯಾಕ ಹೋಗತಿದ್ನಿ ಮಾಸ್ತರ. ಆ ವರ್ಸ ಕಿಲ್ಲೆ ಕಟ್ಟಲಿಲ್ಲ. ಆಮ್ಯಾಲೂ ಕಟ್ಟೂದು ಆಗಲೇ ಇಲ್ಲ" ಎಂದರು.

ಬಾಲ್ಯದಲ್ಲಿ ಉಪಕರಣ ದೊರೆಯದ ಕಲ್ಪನೆ ಸಾಯುವುದಿಲ್ಲ. ಮೊಮ್ಮಗನೆಂಬ ನೆಪ ದೊರೆಯುವ ತನಕ ತಾಳಿ, ಅನಂತರ ಇನ್ನೊಬ್ಬನ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಅಂತಹವರಿಗೆ ಸಹನೆಯಿಂದ ಕಿವಿಗೊಡುವುದೂ ಕಲೆಗಾರನ ಧರ್ಮವೆಂದು ನಾನು ಈಗ ನಂಬುತ್ತೇನೆ. ಸಂಚಕಾರ ಕಳೆದು ಉಳಿದ ಹಣ ಮಾತ್ರ ಇನ್ನೂ ಬಂದಿಲ್ಲ. ಕೇಳಿದರೆ, "ರೆಕ್ಕಿ ಜರಾ ದೊಡ್ಡವಾಗ್ಯಾವ, ಮಾಸ್ತರ" ಎನ್ನುತ್ತಾರೆ.